ಕಡೆತವೂ ಸಾಣೆಯೂ

ಮಜ್ಜಿಗೆಯನ್ನು ಕಡೆಯುವುದಕ್ಕೂ ಮರವನ್ನು ಕಡೆಯುವುದಕ್ಕೂ ನಮ್ಮ ನುಡಿಯಲ್ಲಿ ಒಂದೇ ಕ್ರಿಯಾಪದವಿರುವುದು ಅರ್ಥವತ್ತಾದ ಸಂಗತಿ. ಕಡೆಗೋಲಿಗೆ ಹಗ್ಗವನ್ನು ಸುತ್ತಿ, ಅದರ ಎರಡು ತುದಿಗಳನ್ನು ಬಲಗೈಯಿಂದೊಮ್ಮೆ ಎಡಗೈಯಿಂದೊಮ್ಮೆ ಸೆಳೆಯುವ ಗೃಹಿಣಿಯ ಮುಂದೆ ಕೋಲು ಹೇಗೆ ಹಿಂದಕ್ಕೂ ಮುಂದಕ್ಕೂ ತಿರುಗುವುದೋ, ಎರಡು ಮೊನೆಗಳ ನಡುವೆ ಸಿಕ್ಕಿಸಿದ ಮರದ ತುಂಡು ಹಳೆಯ ಕಾಲದ ಕುಶಲಕರ್ಮಿಯ ಮುಂದೆ ಹಾಗೆಯೇ ತಿರುಗುತ್ತಿತ್ತು. ಈಜಿಪ್ಟಿನ ಪೆಟೊಸಿರಿಸನ ಸಮಾಧಿಯ ಗೋಡೆಯಲ್ಲಿ, ಕ್ರಿ. ಪೂ. ಸುಮಾರು 300ರ ಒಂದು ಉಬ್ಬುಶಿಲ್ಪದಲ್ಲಿ, ಒಬ್ಬನು ಹಗ್ಗವನ್ನು ಸೆಳೆಯುತ್ತಿರಲು ಮತ್ತೊಬ್ಬನು ತಿರುಗುವ ವಸ್ತುವಿಗೆ ಉಳಿಯನ್ನು ಒಡ್ಡಿರುವುದನ್ನು ಇಂದಿಗೂ ಕಾಣಬಹುದು. ಇಂದು ನಾವು ಲೇತ್ ಎಂದು ಕರೆಯುವ ಯಂತ್ರದ ಪೂರ್ವರೂಪ ಇದು.

ಇಂಥ ಲೇತಿನ ಮೂತಿಗೆ ಮರದ ದುಂಡು ಹಲಗೆಯೊಂದನ್ನು ತಿರುಪಿನಿಂದ ಬಿಗಿದು, ಅದರ ಮೇಲೆ ಉಪ್ಪುಕಾಗದವನ್ನು ಅಂಟಿಸಿ, ಮರವನ್ನು ನುಣುಪುಗೊಳಿಸುವ ಉಜ್ಜುಚಕ್ರವನ್ನಾಗಿ ಮಾಡಿಕೊಳ್ಳುವ ಪದ್ಧತಿಯು ಇಂದಿನ ಬಡಗಿಗಳಲ್ಲಿ ಉಂಟು. ಅದನ್ನು ನೋಡಿದವರು ಹೊಸ ಕಾಲದ ಉಪಾಯವೆಂದು ತಿಳಿಯುವರು. ಆದರೆ ಕಡೆಯುವ ಯಂತ್ರಕ್ಕೂ ಉಜ್ಜುವ ಚಕ್ರಕ್ಕೂ ಇರುವ ಬಾಂಧವ್ಯ ಬಹು ಪ್ರಾಚೀನವಾದುದು.

ವಿಷ್ಣುಪುರಾಣದ ಕಥೆಯನ್ನೇ ನೋಡಬಹುದು. ಸೂರ್ಯನ ತೇಜಸ್ಸನ್ನು ಸಹಿಸಲಾರದೆ ಅವನ ಪತ್ನಿಯಾದ ಸಂಜ್ಞೆಯು ಮನೆಯನ್ನು ತೊರೆದು ಹೋಗಲು, ಅವಳ ತಂದೆಯಾದ ವಿಶ್ವಕರ್ಮನು ಸೂರ್ಯನನ್ನು ತನ್ನ ಭ್ರಮಿಯಂತ್ರಕ್ಕೆ ಏರಿಸಿ, ಅವನ ತೇಜಸ್ಸಿನ ಎಂಟನೆಯ ಒಂದು ಭಾಗವನ್ನು ತೆಗೆದುಹಾಕಿದನಂತೆ. ಹಾಗೆ ಉದುರಿದ ತೇಜಸ್ಸಿನಿಂದಲೇ ವಿಷ್ಣುವಿನ ಚಕ್ರವೂ ಶಿವನ ತ್ರಿಶೂಲವೂ ಸಿದ್ಧವಾದುವಂತೆ. ಕಾಳಿದಾಸನೂ ರಘುವಂಶದ ಆರನೆಯ ಸರ್ಗದಲ್ಲಿ ಅವಂತಿಯ ದೊರೆಯನ್ನು ವರ್ಣಿಸುವಾಗ ಈ ಕಥೆಯನ್ನು ನೆನೆಯುವನು. ಈ ಭ್ರಮಿಯು ಕಡೆಯುವ ಯಂತ್ರವೆನ್ನುವವರೂ ಉಂಟು, ಸಾಣೆಯ ಚಕ್ರವೆನ್ನುವವರೂ ಉಂಟು. ಆ ಎರಡು ಅರ್ಥಗಳೂ ಒಂದೇ ಪದದಲ್ಲಿ ನಿರಾಯಾಸವಾಗಿ ಕೂಡಿಕೊಂಡಿರುವುದೇ ನನಗೆ ಮುಖ್ಯವಾಗಿ ತೋರುತ್ತದೆ.

ನಮ್ಮ ನಾಡಿನ ಶಿಲ್ಪದಲ್ಲಿಯೂ ಈ ಕೂಟವು ಕಣ್ಣಿಗೆ ಕಾಣುವಂತಿದೆ. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವನ ನವರಂಗದಲ್ಲಿ, ಹಳೇಬೀಡಿನ ಹೊಯ್ಸಳೇಶ್ವರನ ಮಂಟಪದಲ್ಲಿ, ಬಳಪದ ಕಲ್ಲಿನ ದುಂಡು ಕಂಬಗಳ ಮುಂದೆ ನಿಂತು ಅವುಗಳ ಬಳೆಬಳೆಯಾದ ಅಂಚುಗಳ ಮೇಲೆ ಬೆರಳಾಡಿಸಿದರೆ, ಎಲ್ಲಿಯೂ ತಪ್ಪದ ಆ ಸಮವರ್ತುಲತೆಯು ತಿರುಗಣಿಯ ಮೇಲೆ ಕಡೆದುದರ ಗುರುತೆಂಬುದು ತಾನಾಗಿ ತಿಳಿಯುವುದು. ಆ ಕಂಬಗಳ ಕನ್ನಡಿಯಂಥ ಹೊಳಪಾದರೋ, ಉಳಿಯ ಕೆಲಸ ಮುಗಿದ ಮೇಲೆ ಉಜ್ಜಿ ಉಜ್ಜಿ ಬರಿಸಿದ್ದು.

ಸಾಣೆಯ ಕಥೆಯಲ್ಲಿ ಇನ್ನೊಂದು ಸೋಜಿಗವುಂಟು. ರತ್ನಗಳಿಗೂ ಕತ್ತಿಗಳಿಗೂ ಸಾಣೆ ಹಿಡಿಯುತ್ತಿದ್ದ ನಮ್ಮ ಕುಶಲಕರ್ಮಿಗಳು, ಕುರುಂದದ ಕಲ್ಲನ್ನು ಕುಟ್ಟಿ ಪುಡಿಮಾಡಿ, ಕರಗಿದ ಅರಗಿನಲ್ಲಿ ಕಲಸಿ, ಬಿಲ್ಲೆಯ ಆಕಾರಕ್ಕೆ ತಂದು, ಅಚ್ಚಿಗೆ ಏರಿಸುತ್ತಿದ್ದರು. ರತ್ನಕಾರನು ಒಂದು ಕೈಯಲ್ಲಿ ಬಿಲ್ಲನ್ನು ಆಡಿಸುತ್ತ ಮತ್ತೊಂದು ಕೈಯಲ್ಲಿ ಹರಳನ್ನು ಒತ್ತುತ್ತಿದ್ದನು. ಮೈಸೂರು ಸೀಮೆಯಲ್ಲಿಯೂ ಈ ಕುರುಂದವು ದೊರೆಯುತ್ತಿತ್ತು. ಈಗ ಚನ್ನಪಟ್ಟಣದ ಬೊಂಬೆಯ ಕೆಲಸಗಾರನ ಪಕ್ಕದಲ್ಲಿ ಕುಳಿತು ನೋಡಿ: ಹಾಲೆಮರದ ತುಂಡನ್ನು ಲೇತಿನಲ್ಲಿ ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುವನು; ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುವುದು; ಬಳಿಕ ಕೇದಗೆಯ ಗರಿಯೊಂದನ್ನು ಮಡಿಸಿ ಹಿಡಿದು ತೀಡಿದರೆ, ಮಂಕಾಗಿದ್ದ ಬಣ್ಣವು ಕ್ಷಣಮಾತ್ರದಲ್ಲಿ ಎಣ್ಣೆ ಸವರಿದಂತೆ ಮಿನುಗುವುದು. ಸಾಣೆಯಲ್ಲಿ ಸವೆಸುವ ಕಣಗಳನ್ನು ಹಿಡಿದಿಡುವ ಅರಗೇ ಇಲ್ಲಿ ಅಲಂಕಾರದ ಹೊದಿಕೆಯಾಗುವುದು.

ಅರಗಿನ ಬಿಲ್ಲೆಯ ಸ್ಥಾನಕ್ಕೆ ಕಾಗದವು ಬಂದುದು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ. ಚೀನಾ ದೇಶದಲ್ಲಿ ಹದಿಮೂರನೆಯ ಶತಮಾನದಷ್ಟು ಹಿಂದೆಯೇ ಚಿಪ್ಪಿನ ಚೂರು, ಬೀಜ, ಮರಳುಗಳನ್ನು ಗೋಂದಿನಿಂದ ಚರ್ಮಪತ್ರಕ್ಕೆ ಅಂಟಿಸುತ್ತಿದ್ದರಾದರೂ, 1833ರಲ್ಲಿ ಲಂಡನ್ನಿನ ಜಾನ್ ಓಕಿಯು ಗಾಜಿನ ಪುಡಿಯ ಕಾಗದವನ್ನು ತಯಾರಿಸತೊಡಗಿದನು. ಮರುವರ್ಷ ಅಮೆರಿಕದ ವರ್ಮಾಂಟಿನಲ್ಲಿ ಐಸಾಕ್ ಫಿಷರನು ತನ್ನ ವಿಧಾನಕ್ಕೆ ಪೇಟೆಂಟನ್ನು ಪಡೆದನು. 1891ರಲ್ಲಿ ಎಡ್ವರ್ಡ್ ಅಚೆಸನ್ ವಿದ್ಯುತ್ಕುಲುಮೆಯಲ್ಲಿ ಹೊಸದೊಂದು ಗಡುಸು ಹರಳನ್ನು ಪಡೆದು, ಅದು ಇಂಗಾಲವೂ ಕುರುಂದವೂ ಕೂಡಿ ಆದುದೆಂದು ಭಾವಿಸಿ, ಕಾರ್ಬೊರಂಡಂ ಎಂದು ಹೆಸರಿಟ್ಟನು. ಆತನ ಊಹೆ ತಪ್ಪಾಗಿದ್ದರೂ, ದಕ್ಷಿಣ ಭಾರತದ ಕುರುಂದವೆಂಬ ಶಬ್ದವು ಹಾಗೆ ಸಾಗರಗಳನ್ನು ದಾಟಿ, ಕಾರ್ಖಾನೆಯ ಮುದ್ರೆಯನ್ನು ಹೊತ್ತು, ನಮ್ಮ ಹಾರ್ಡ್‌ವೇರ್ ಅಂಗಡಿಗಳಿಗೆ ಮರಳಿ ಬಂದಿತು.

ಆದಕಾರಣ, ಲೇತನ್ನು ಉಜ್ಜುಚಕ್ರವಾಗಿ ಮಾರ್ಪಡಿಸುವ ಬಡಗಿಯು ಅರಿತೋ ಅರಿಯದೆಯೋ ವಿಶ್ವಕರ್ಮನ ಭ್ರಮಿಯ ಎರಡು ಅರ್ಥಗಳನ್ನು ಮತ್ತೆ ಒಂದುಗೂಡಿಸುತ್ತಿದ್ದಾನೆ. ಆ ಕೆಲಸಕ್ಕೂ ತನ್ನದೇ ಆದ ನಿಯಮಗಳುಂಟು. ಚಕ್ರದ ನಡುವಿನಲ್ಲಿ ವೇಗವು ಶೂನ್ಯ, ಅಂಚಿನಲ್ಲಿ ಪರಮಾವಧಿ. ಆದುದರಿಂದ ಅವನು ಮರವನ್ನು ಒಂದೆಡೆಯಲ್ಲಿ ನಿಲ್ಲಿಸದೆ ಮೆಲ್ಲನೆ ಸರಿಸುತ್ತಿರುವನು. ಮುಂದೆ ಒಂದು ಸಮತಟ್ಟಾದ ಪೀಠವನ್ನು ಬಿಗಿದು, ಚಕ್ರವು ಕೆಳಕ್ಕೆ ಇಳಿಯುವ ಪಾರ್ಶ್ವಕ್ಕೇ ಮರವನ್ನು ಒಡ್ಡುವನು. ಏಕೆಂದರೆ ಇಳಿಯುವ ಭಾಗವು ಮರವನ್ನು ಪೀಠಕ್ಕೆ ಅದುಮುವುದು, ಏರುವ ಭಾಗವಾದರೋ ಅದನ್ನು ಕೈಯಿಂದ ಕಿತ್ತು ಮೇಲಕ್ಕೆಸೆಯುವುದು.

ಆದರೆ ಇವೆಲ್ಲಕ್ಕೂ ಮೊದಲು ನಡೆಯಬೇಕಾದ ಒಂದು ಕಾರ್ಯವುಂಟು. ಗರಗಸದಿಂದ ಕೊಯ್ದ ಹಲಗೆಯು ಎಷ್ಟೇ ದುಂಡಗೆ ಕಂಡರೂ ತಿರುಗಿಸಿದ ಕೂಡಲೆ ಅದರ ವಕ್ರತೆ ಬಯಲಾಗುವುದು. ಆಗ ಬಡಗಿಯು ಅದನ್ನು ಅದೇ ಲೇತಿಗೆ ಬಿಗಿದು, ಉಳಿಯನ್ನು ಹಿಡಿದು, ಅಂಚೂ ಮುಖವೂ ಅದುರದೆ ನೆಟ್ಟಗೆ ತಿರುಗುವವರೆಗೆ ಕಡೆಯುವನು. ಉಪ್ಪುಕಾಗದವನ್ನು ಅಂಟಿಸುವುದು ಅದರ ಅನಂತರ. ಸಾಣೆಯಾಗಿ ಮಾರ್ಪಡುವ ಮುನ್ನ ಆ ಯಂತ್ರವು ತನ್ನ ಸಾಣೆಯನ್ನು ತಾನೇ ಕಡೆದುಕೊಳ್ಳುವುದು.