ಈವ್ಲಿನನ ತೋಟಕ್ಕೆ ಬಂದ ಚಳಿ

ನಮ್ಮ ಹಿತ್ತಿಲುಗಳಿಗೆ ಚಳಿಗಾಲವೆಂದರೆ ಅಂಥ ಭಯವೇನೂ ಇಲ್ಲ. ಮಾಗಿಯ ಚಳಿಗೆ ಅವರೆ ಸೊಗಡು ಕಟ್ಟುತ್ತದೆ, ಸೇವಂತಿಗೆ ಅರಳುತ್ತದೆ. ನಮ್ಮ ತೋಟಗಾರನ ಚಿಂತೆಯೆಲ್ಲ ನೀರಿನದು. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ರಚಿಸಿದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದದ ಜೊತೆಗೆ ನೆಲದೊಳಗಿನ ನೀರನ್ನು ಕಂಡುಹಿಡಿಯುವ ಬಗೆಯೂ ಬಂದಿರುವುದು ಸಹಜವೇ ಆಗಿದೆ. ಇಂಗ್ಲೆಂಡಿನಂಥ ಶೀತದೇಶದ ಮಾತೇ ಬೇರೆ. ಅಲ್ಲಿ ಎಲೆಯುದುರುವ ಕಾಲ ಮುಗಿಯುತ್ತ ಬಂದಂತೆ, ಮುತ್ತಿಗೆಗೆ ಸಿಕ್ಕಲಿರುವ ಕೋಟೆಯಂತೆ ಮನೆಯ ತೋಟವನ್ನು ಸಜ್ಜುಗೊಳಿಸಬೇಕು. ಈ ಸಿದ್ಧತೆಯ ಚರಿತ್ರೆಯಲ್ಲಿ ನನಗೆ ಬಹು ಪ್ರಿಯನಾದವನು ಜಾನ್ ಈವ್ಲಿನ್.

ಈವ್ಲಿನ್ (1620–1706) ರಾಯಲ್ ಸೊಸೈಟಿಯ ಸ್ಥಾಪಕರಲ್ಲೊಬ್ಬ; ಇಂಗ್ಲಿಷ್ ಸಾಹಿತ್ಯದ ಅಭ್ಯಾಸಿಗಳಿಗೆ ದಿನಚರಿಕಾರನೆಂದು ಪರಿಚಿತ. ಲಂಡನ್ನಿಗೆ ಸಮೀಪದ ಡೆಟ್‌ಫರ್ಡ್‌ನಲ್ಲಿ ಸೇಯ್ಸ್ ಕೋರ್ಟ್ ಎಂಬ ಅವನ ಮನೆಯಿತ್ತು; ಅದರ ಸುತ್ತ ಅವನೇ ಎಬ್ಬಿಸಿದ ತೋಟವಿತ್ತು. 1664ರಲ್ಲಿ, ಮರಗಳನ್ನು ಕುರಿತ ತನ್ನ 'ಸಿಲ್ವ' ಗ್ರಂಥದ ಜೊತೆಗೆ, 'ಕ್ಯಾಲೆಂಡೇರಿಯಂ ಹಾರ್ಟೆನ್ಸೆ' ಎಂಬ ತೋಟದ ಪಂಚಾಂಗವನ್ನು ಅವನು ಪ್ರಕಟಿಸಿದ. ಯಾವ ತಿಂಗಳಲ್ಲಿ ಯಾವ ಕೆಲಸ ಎಂಬುದೇ ಅದರ ವಿಷಯ.

ಅದರ ನವೆಂಬರ್ ತಿಂಗಳನ್ನು ಓದಬೇಕು. ನಾಜೂಕಾದ ಗಿಡಗಳನ್ನು ಹಸಿರುಮನೆಗೆ ಸೇರಿಸಿ ಕೊರೆಯುವ ಗಾಳಿ ನುಗ್ಗದಂತೆ ಮುಚ್ಚುವುದು. ಮಣ್ಣು ತೀರ ಒಣಗಿದ್ದರೆ, ಹೆಪ್ಪುಗಟ್ಟುವ ದಿನವಲ್ಲವೆಂದು ನೋಡಿಕೊಂಡು, ಸ್ವಲ್ಪ ಸಗಣಿ ಕದಡಿದ ನೀರನ್ನು ಹಿತಮಿತವಾಗಿ ಹಾಕುವುದು. ಚಳಿ ಎಷ್ಟೆಂದು ತಿಳಿಯಲು ಅವನು ಹೇಳುವ ಉಪಾಯ ನಮ್ಮ ಅಜ್ಜಿಯರು ಹೇಳಬಹುದಾದಂಥದು: ಒಳಗೊಂದು ತಟ್ಟೆಯಲ್ಲಿ ನೀರನ್ನೋ ಒದ್ದೆಬಟ್ಟೆಯನ್ನೋ ಇಟ್ಟಿರುವುದು. ಅದು ಗಟ್ಟಿಯಾದರೆ ನೆಲದ ನಡುವೆ ಸಣ್ಣ ಕುಳಿ ತೋಡಿ ಇದ್ದಿಲ ಕೆಂಡವಿಡುವುದು.

ಇಷ್ಟೆಲ್ಲ ಬಲ್ಲವನ ತೋಟಕ್ಕೂ ಆಪತ್ತು ಬಂತು. 1683–84ರ ಚಳಿಗಾಲದಲ್ಲಿ ಥೇಮ್ಸ್ ನದಿ ಕಲ್ಲಿನಂತೆ ಹೆಪ್ಪುಗಟ್ಟಿತು. ಹಿಮದ ಮೇಲೆ ಅಂಗಡಿಬೀದಿಗಳು ಎದ್ದವು, ಗಾಡಿಗಳು ಓಡಿದವು, ಮುದ್ರಣಯಂತ್ರವೊಂದು ಕೂಡ ಅಲ್ಲಿ ಬಂದು ನಿಂತಿತು. ಊರಿಗೆ ಅದು ಜಾತ್ರೆ. ಫೆಬ್ರವರಿ 4ರಂದು ಈವ್ಲಿನ್ ತನ್ನ ತೋಟಕ್ಕೆ ಹೋಗಿ ನೋಡಿದ. ಅಪರೂಪದ ಗಿಡಗಳೆಷ್ಟೋ ನಾಶವಾಗಿದ್ದವು. ಕಿತ್ತಳೆ, ಮರ್ಟಲ್ ಗಿಡಗಳು ಜಡ್ಡು ಹಿಡಿದಿದ್ದವು. ರೋಸ್‌ಮರಿ, ಲಾರೆಲ್‌ಗಳು ಸತ್ತಂತೆಯೇ ತೋರಿದವು. ಸೈಪ್ರೆಸ್ ಮಾತ್ರ ಉಳಿಯಬಹುದೆನಿಸಿತು. ಅದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟ.

ಅವನು ಅಲ್ಲಿಗೇ ಬಿಡಲಿಲ್ಲವೆಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಇಪ್ಪತ್ತು ವರ್ಷ ಊರಿಗೆಲ್ಲ ತೋಟದ ಬುದ್ಧಿ ಹೇಳಿದವನಿಗೆ ತನ್ನ ತೋಟದ ಸಾವನ್ನು ಗೋಡೆಯೊಳಗೇ ಇಟ್ಟುಕೊಳ್ಳುವುದು ಸುಲಭವಾಗಿತ್ತು. ಅವನಾದರೋ ಆ ಏಪ್ರಿಲ್‌ನಲ್ಲಿಯೇ ನಷ್ಟದ ವಿವರವನ್ನು ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. ಅದು ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಯಿತು. 1691ರಲ್ಲಿ ಪಂಚಾಂಗದ ಹೊಸ ಆವೃತ್ತಿಗೆ ಹೊಸದೊಂದು ಹಸಿರುಮನೆಯ ನಕ್ಷೆಯನ್ನೇ ಸೇರಿಸಿದ. ಒಳಗೆ ಬೆಂಕಿಯಿಟ್ಟರೆ ಗಾಳಿ ಕೆಡುತ್ತದೆ, ಕೆಟ್ಟ ಗಾಳಿ ಗಿಡಕ್ಕೆ ಮಾರಕ ಎಂಬುದು ಅವನ ವಾದ. ಆದ್ದರಿಂದ ಒಲೆ ಕಟ್ಟಡದ ಹೊರಗೆ. ಹೊರಗಿನ ಹೊಸ ಗಾಳಿ ಬೆಂಕಿಯಲ್ಲಿಟ್ಟ ಕೊಳವೆಗಳಲ್ಲಿ ಹಾದು, ಬೆಚ್ಚಗಾಗಿ ಒಳಗೆ ಬರಬೇಕು. ತಾನೇ ಕಲಿಸಿದ ಕೆಂಡದ ಕುಳಿಯನ್ನು ಎಪ್ಪತ್ತು ತುಂಬಿದ ಮೇಲೆ ತಾನೇ ಮೀರಿದ.

ಶಾಸ್ತ್ರಗ್ರಂಥಗಳು ಬೆಳೆಯುವ ಬಗೆ ಇದು. ಗೆದ್ದವರ ಬುದ್ಧಿಮಾತಿನಷ್ಟೇ, ಸತ್ತ ಗಿಡಗಳ ಪ್ರಾಮಾಣಿಕವಾದ ಪಟ್ಟಿಯೂ ಮುಂದಿನ ವರ್ಷದ ತೋಟಕ್ಕೆ ಗೊಬ್ಬರವಾಗುತ್ತದೆ.