ಎಚ್ಚರಗೊಂಡ ಲ್ಯಾಪ್‌ಟಾಪ್, ಬೆಳಗದ ಪರದೆ

ಸ್ಲೀಪ್‌ನಿಂದ ಎಬ್ಬಿಸಿದ ಲ್ಯಾಪ್‌ಟಾಪ್‌ನಲ್ಲಿ ಫ್ಯಾನ್ ತಿರುಗುತ್ತದೆ, ಕೀಬೋರ್ಡ್ ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ. ನೋಡಿದವರು ಡಿಸ್‌ಪ್ಲೇ ಹೋಯಿತು ಎಂದೇ ಭಾವಿಸುವುದು ಹೆಚ್ಚು. 2020ರಲ್ಲಿ ಕರ್ನಾಟಕ ಸರ್ಕಾರ ಉಚಿತ ಲ್ಯಾಪ್‌ಟಾಪ್ ಹಂಚಿದಾಗ ಸರ್ಕಾರಿ ಪದವಿ ಕಾಲೇಜುಗಳ ಅನೇಕ ಬಡ ಮಕ್ಕಳಿಗೆ ಅದೇ ಮೊದಲ ಕಂಪ್ಯೂಟರ್ ಆಗಿತ್ತು. ಶಿವಮೊಗ್ಗವಿರಲಿ, ಭದ್ರಾವತಿಯಿರಲಿ, ಅಷ್ಟು ಹಳೆಯ ಯಂತ್ರ ಕೆಟ್ಟರೆ ರಿಪೇರಿ ಖರ್ಚು ಮನೆಯವರ ತಲೆಗೇ. ಆದ್ದರಿಂದ ಪ್ಯಾನಲ್ ಬದಲಿಸುವ ಮುನ್ನ ದೋಷ ಎಲ್ಲಿದೆ ಎಂದು ತಿಳಿಯುವುದು ಮುಖ್ಯ.

1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸೇರಿ ರೂಪಿಸಿದ ವಿದ್ಯುತ್ ನಿರ್ವಹಣೆಯ ಎಸಿಪಿಐ ಮಾನದಂಡದಲ್ಲಿ ಸಾಮಾನ್ಯ ಸ್ಲೀಪ್‌ಗೆ ಎಸ್3 ಎಂದು ಹೆಸರು. ಆಗ ರ‍್ಯಾಮ್‌ಗೆ ವಿದ್ಯುತ್ ಹರಿಯುತ್ತಿರುತ್ತದೆ, ಗ್ರಾಫಿಕ್ಸ್ ಚಿಪ್ ಆರಿರುತ್ತದೆ. ಮುಚ್ಚಳ ತೆರೆದೊಡನೆ ಡ್ರೈವರ್ ಆ ಚಿಪ್ಪನ್ನು ಮತ್ತೆ ಸಜ್ಜುಗೊಳಿಸಿ, ಪ್ಯಾನಲ್ಲಿನೊಡನೆ ಸಂಪರ್ಕ ಕುದುರಿಸಿ, ಬ್ಯಾಕ್‌ಲೈಟ್ ಹೊತ್ತಿಸಬೇಕು. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ಪರದೆ ಕಪ್ಪು.

ಎಸ್3 ಬದಲು ಮಾಡರ್ನ್ ಸ್ಟ್ಯಾಂಡ್‌ಬೈ ಇರುವ ಹೊಸ ಯಂತ್ರಗಳು ಪೂರ್ತಿ ಮಲಗುವುದೇ ಇಲ್ಲ. ಶಿವಮೊಗ್ಗದಲ್ಲಿ ಮುಚ್ಚಿ ಬ್ಯಾಗಿಗೆ ಹಾಕಿದ ಲ್ಯಾಪ್‌ಟಾಪ್ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ತಲುಪುವಷ್ಟರಲ್ಲಿ ಬಿಸಿಯಾಗಿ ಬ್ಯಾಟರಿ ಇಳಿದಿರಬಹುದು. ಬಸ್ ಪ್ರಯಾಣಕ್ಕೆ, ತೆರೆದ ಕೆಲಸವನ್ನು ಡಿಸ್ಕಿಗೆ ಉಳಿಸಿ ಪೂರ್ತಿ ಆರುವ ಹೈಬರ್ನೇಟ್ ಮೇಲು.

ಎಬ್ಬಿಸಿದರೂ ಪರದೆ ಕಪ್ಪಾಗಿಯೇ ಇದ್ದರೆ ಮೊದಲು ಕ್ಯಾಪ್ಸ್ ಲಾಕ್ ಒತ್ತಬೇಕು. ಅದರ ದೀಪ ಹತ್ತಿ ಆರಿದರೆ ಯಂತ್ರ ಎದ್ದಿದೆ, ಚಿತ್ರ ಮಾತ್ರ ಬಂದಿಲ್ಲ ಎಂದರ್ಥ. ವಿಂಡೋಸ್‌ನಲ್ಲಿ ವಿಂಡೋಸ್, ಕಂಟ್ರೋಲ್, ಶಿಫ್ಟ್ ಕೀಗಳ ಜೊತೆ ಬಿ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮರುಚಾಲನೆಗೊಳ್ಳುತ್ತದೆ. ತೆರೆದಿಟ್ಟ ಕೆಲಸ ಹಾಗೇ ಉಳಿಯುತ್ತದೆ. ಪವರ್ ಬಟನ್ ಅದುಮಿ ಹಿಡಿಯುವುದು ಕೊನೆಯ ದಾರಿ, ಏಕೆಂದರೆ ಸೇವ್ ಮಾಡದ ಅಸೈನ್‌ಮೆಂಟ್ ಅದರೊಂದಿಗೇ ಹೋಗುತ್ತದೆ. ಮತ್ತೆ ಆನ್ ಮಾಡಿದಾಗ ಕಂಪನಿಯ ಲೋಗೋ ಸರಿಯಾಗಿ ಮೂಡಿ, ಸ್ಲೀಪ್‌ನ ನಂತರವಷ್ಟೇ ಪರದೆ ಕಪ್ಪಾಗುತ್ತಿದ್ದರೆ ಪ್ಯಾನಲ್ ಬಹುತೇಕ ಚೆನ್ನಾಗಿದೆ. ಗ್ರಾಫಿಕ್ಸ್ ಡ್ರೈವರ್ ಮತ್ತು ಬಯಾಸ್ ಅಪ್‌ಡೇಟ್ ಮಾಡಬೇಕು. ಅಪ್‌ಡೇಟ್ ಆದ ಮೇಲೆಯೇ ತೊಂದರೆ ಶುರುವಾಗಿದ್ದರೆ ಹಳೆಯ ಡ್ರೈವರಿಗೇ ಮರಳಬೇಕು.

ಇಲ್ಲಿ ಅನೇಕರು ಗಮನಿಸದ ಒಂದು ಸಂಗತಿಯಿದೆ. 2012ರ ವಿಂಡೋಸ್ 8ರೊಂದಿಗೆ ಬಂದ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ, ಶಟ್‌ಡೌನ್ ಮಾಡಿದರೂ ಕರ್ನಲ್ ಮತ್ತು ಡ್ರೈವರುಗಳ ಸ್ಥಿತಿ ಡಿಸ್ಕಿನಲ್ಲಿ ಉಳಿದು ಮುಂದಿನ ಸಲ ಅದೇ ಮರಳುತ್ತದೆ. ಎಲ್ಲವೂ ಹೊಸದಾಗಿ ಶುರುವಾಗಬೇಕಾದರೆ ರೀಸ್ಟಾರ್ಟ್ ಕೊಡಬೇಕು.

ಮುಚ್ಚಳ ಮುಚ್ಚಿದೆಯೋ ತೆರೆದಿದೆಯೋ ಎಂದು ಅನೇಕ ಲ್ಯಾಪ್‌ಟಾಪ್‌ಗಳು ಅಯಸ್ಕಾಂತ ಮತ್ತು ಹಾಲ್ ಸೆನ್ಸರ್‌ನಿಂದ ಅರಿಯುತ್ತವೆ. ಅಯಸ್ಕಾಂತದ ಮೊಬೈಲ್ ಕವರ್ ಕೀಬೋರ್ಡ್ ಪಕ್ಕ ಇದ್ದರೂ ಸಾಕು, ಯಂತ್ರ ಮುಚ್ಚಿದೆಯೆಂದೇ ತಿಳಿದು ಪರದೆ ಆರಿಸಬಹುದು.

ಕತ್ತಲೆ ಕೋಣೆಯಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಬಿಟ್ಟಾಗ ಚಿತ್ರ ಮಸುಕಾಗಿ ಕಂಡರೆ ದೋಷ ಬ್ಯಾಕ್‌ಲೈಟ್‌ನದು. ಎಚ್‌ಡಿಎಂಐ ಮೂಲಕ ಟಿ.ವಿ.ಗೆ ಜೋಡಿಸಿದಾಗ ಅಲ್ಲಿ ಚಿತ್ರ ಬಂದು, ಲ್ಯಾಪ್‌ಟಾಪ್‌ನಲ್ಲಿ ಲೋಗೋ ಕೂಡ ಕಾಣದಿದ್ದರೆ ಅನುಮಾನ ಪ್ಯಾನಲ್ ಅಥವಾ ಅದರ ಕೇಬಲ್ ಮೇಲೆ. ಹಿಂಜ್ ಮೂಲಕ ಹಾಯುವ ಈ ಕೇಬಲ್ ತೆರೆದು ಮುಚ್ಚಿ ಸವೆಯುತ್ತದೆ. ಮಲೆನಾಡಿನ ಮಳೆಗಾಲದ ತೇವಕ್ಕೆ ಕನೆಕ್ಟರ್‌ನಲ್ಲಿ ಕಿಲುಬೂ ಹಿಡಿಯಬಹುದು. ಮುಚ್ಚಳ ಬಾಗಿಸಿದಂತೆ ಚಿತ್ರ ಬಂದು ಹೋಗುತ್ತಿದ್ದರೆ, ಅಂಗಡಿಯಲ್ಲಿ ಮೊದಲು ಕೇಬಲ್ ಬಿಚ್ಚಿ, ಸ್ವಚ್ಛ ಮಾಡಿ, ಮತ್ತೆ ಜೋಡಿಸಿ ನೋಡಲು ಹೇಳಬೇಕು. ಕೇಬಲ್ ಬದಲಿಸಬೇಕಾಗಿ ಬಂದರೂ ಸಾಮಾನ್ಯವಾಗಿ ಪ್ಯಾನಲ್ಲಿಗಿಂತ ಬಹಳ ಅಗ್ಗ.