ಹಿಮಾಚಲದ ಸೇಬು: ದುಡ್ಡು ಜಾಗ ಬದಲಿಸಿದ ಕಥೆ

ದೇಶದ ಸೇಬಿನಲ್ಲಿ ದೊಡ್ಡ ಪಾಲು ಕಾಶ್ಮೀರದ್ದೇ. ಆದರೆ ಸೇಬನ್ನೇ ನಂಬಿ ಊರೂರಲ್ಲಿ ಮಾಳಿಗೆ ಮನೆ ಕಟ್ಟಿ, ಮಕ್ಕಳನ್ನು ದೂರದ ಕಾಲೇಜುಗಳಿಗೆ ಕಳಿಸಿದ ಸಣ್ಣ ರೈತರನ್ನು ನೋಡಬೇಕೆಂದರೆ ಹಿಮಾಚಲ ಪ್ರದೇಶಕ್ಕೆ ಹೋಗಬೇಕು. ಬೆಟ್ಟದ ಹಣ್ಣು-ತರಕಾರಿಯಲ್ಲಿ ಬಂಡವಾಳ ಹೂಡುವ ಮಾತು ಈಗ ಎಲ್ಲೆಡೆ ಕೇಳುತ್ತಿದೆ. ಹಾಗೆ ಹೂಡಿದ ದುಡ್ಡು ಯಾವ ಕಾಲದಲ್ಲಿ ಎಲ್ಲಿ ಫಲ ಕೊಟ್ಟಿತು ಎಂಬುದಕ್ಕೆ ಆ ರಾಜ್ಯದ ನೂರು ವರ್ಷದ ಲೆಕ್ಕವೇ ಇದೆ.

ಕುಲ್ಲು ಕಣಿವೆಯಲ್ಲಿ ಬ್ರಿಟಿಷ್ ಅಧಿಕಾರಿಗಳು 19ನೇ ಶತಮಾನದಲ್ಲೇ ಸೇಬಿನ ತೋಟ ಹಾಕಿದ್ದರು. ಅವು ಇಂಗ್ಲೆಂಡಿನ ಹುಳಿ ತಳಿಗಳು. ನಮ್ಮವರ ಬಾಯಿಗೆ ಹಿಡಿಸಲಿಲ್ಲ. ಬದಲಾವಣೆ ತಂದವರು ಸ್ಯಾಮ್ಯುಯೆಲ್ ಸ್ಟೋಕ್ಸ್. ಫಿಲಡೆಲ್ಫಿಯಾದ ಸಿರಿವಂತ ಮನೆತನದ ಈ ಯುವಕ 1904ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಬಂದು, ಶಿಮ್ಲಾ ಆಚೆಯ ಕೋಟ್‌ಗಢದಲ್ಲಿ ನೆಲೆಸಿ, ಅಲ್ಲಿಯದೇ ಹುಡುಗಿಯನ್ನು ಮದುವೆಯಾದರು. ಅಸಹಕಾರ ಚಳವಳಿಯಲ್ಲಿ ಜೈಲಿಗೂ ಹೋದರು. ಮುಂದೆ ಹಿಂದೂ ಧರ್ಮ ಸ್ವೀಕರಿಸಿ ಸತ್ಯಾನಂದ ಸ್ಟೋಕ್ಸ್ ಆದರು. 1916ರ ಹೊತ್ತಿಗೆ ಅವರು ಅಮೆರಿಕದ ಸ್ಟಾರ್ಕ್ ಬ್ರದರ್ಸ್ ನರ್ಸರಿಯಿಂದ ತರಿಸಿ ನೆಟ್ಟ ಡೆಲಿಶಿಯಸ್ ತಳಿ ಕೆಂಪಗೆ, ಸಿಹಿಯಾಗಿ, ಗಟ್ಟಿಯಾಗಿ ಬಂತು. ಸಸಿಗಳನ್ನು ನೆರೆಹೊರೆಯವರಿಗೂ ಹಂಚಿದರು. ಈ ಕಥೆಯ ಮೊದಲ ಹೂಡಿಕೆ ತಳಿಯ ಮೇಲೆ, ಅದೂ ಲಾಭ ನೋಡದ ಕೈಯಿಂದ.

ಹಣ್ಣು ಬಂದರೆ ಸಾಕೇ, ಪೇಟೆಗೆ ಹೋಗಬೇಡವೇ? ಕೋಟ್‌ಗಢದಿಂದ ಶಿಮ್ಲಾಕ್ಕೆ ಹೇಸರಗತ್ತೆಗಳೇ ಗತಿಯಾಗಿದ್ದ ಕಾಲ ಅದು. ರಾಜ್ಯದ ಮೊದಲ ಮುಖ್ಯಮಂತ್ರಿ ಯಶವಂತ ಸಿಂಗ್ ಪರ್ಮಾರ್ ರಸ್ತೆಯ ಹಿಂದೆ ಬಿದ್ದದ್ದು ಅದಕ್ಕೇ. ಭೂಸುಧಾರಣೆಯಿಂದ ಜಮೀನು ಉಳುವವನ ಕೈಗೆ ಬಂತು, ಲಾರಿ ಊರಿಗೆ ಬಂತು, ಸೇಬು ದೆಹಲಿಯ ಆಜಾದ್‌ಪುರ ಮಂಡಿಗೆ ಹೋಯಿತು. 1974ರಲ್ಲಿ ಹುಟ್ಟಿದ ಸರ್ಕಾರಿ ನಿಗಮ ಎಚ್‌ಪಿಎಂಸಿ ಹಣ್ಣಿನ ರಸ, ಶೈತ್ಯಾಗಾರಗಳಿಗೆ ಕೈ ಹಾಕಿತು. 1985ರಲ್ಲಿ ಸೋಲನ್ ಬಳಿಯ ನೌಣಿಯಲ್ಲಿ ಪರ್ಮಾರ್ ಹೆಸರಿನ ತೋಟಗಾರಿಕೆ ವಿಶ್ವವಿದ್ಯಾಲಯವೂ ಬಂತು.

ಎಲ್ಲರೂ ಮರೆಯುವ ಸಂಗತಿ ಪೆಟ್ಟಿಗೆ. ಮೊದಲು ಬೆಟ್ಟದ ಮರಗಳನ್ನೇ ಕಡಿದು ಹಲಗೆ ಪೆಟ್ಟಿಗೆ ಮಾಡುತ್ತಿದ್ದರು. ಕಾಡು ಬರಿದಾಗತೊಡಗಿದಾಗ ರಟ್ಟಿನ ಪೆಟ್ಟಿಗೆ ಬಂತು. ಒಂದರೊಳಗೊಂದು ಸರಿಯುವ ಎರಡು ಭಾಗದ ರಟ್ಟು ಅದು, ಮೇಲಿನ ಭಾಗವನ್ನು ಎತ್ತರಿಸಿದಷ್ಟೂ ಒಳಗೆ ಇನ್ನೊಂದು ಪದರ ಹಣ್ಣು ಹಿಡಿಯುತ್ತಿತ್ತು. ಮಂಡಿಯಲ್ಲಿ ಹರಾಜು ಕೂಗುತ್ತಿದ್ದದ್ದು ಪೆಟ್ಟಿಗೆಗೆ, ಕಿಲೋಗೆ ಅಲ್ಲ. ಇಪ್ಪತ್ತು ಕಿಲೋ ತುಂಬಬೇಕಾದಲ್ಲಿ ಮೂವತ್ತರವರೆಗೂ ತುಂಬಿಸುವ ರೂಢಿ ಬೆಳೆಯಿತು. ತುಂಬದವನ ಪೆಟ್ಟಿಗೆಗೆ ಕೂಗುವವರಿರಲಿಲ್ಲ. ರೈತ ಹೀಗೆ ಪೆಟ್ಟಿಗೆಗೆ ಏಳೆಂಟು ಕಿಲೋ ಹಣ್ಣನ್ನು ವರ್ಷಗಟ್ಟಲೆ ಪುಕ್ಕಟೆ ಕೊಟ್ಟ. 20 ಕಿಲೋ ಮಾತ್ರ ಹಿಡಿಯುವ ಏಕರೂಪದ ಪೆಟ್ಟಿಗೆ ಕಡ್ಡಾಯವಾದದ್ದು 2024ರಲ್ಲಿ. ಇಷ್ಟು ಸರಳ ಸುಧಾರಣೆಗೆ ಇಷ್ಟು ಕಾಲ ಹಿಡಿದದ್ದು ಯಾರ ಅನುಕೂಲಕ್ಕೆಂದು ಬಿಡಿಸಿ ಹೇಳಬೇಕಿಲ್ಲ.

ಮುಂದಿನ ಸರದಿ ತಣ್ಣನೆ ಕೋಣೆಯದು. ಉಷ್ಣತೆಯನ್ನು ಸೊನ್ನೆಯ ಹತ್ತಿರ ಇಟ್ಟು, ಆಮ್ಲಜನಕವನ್ನು ಶೇಕಡಾ ಎರಡು-ಮೂರಕ್ಕೆ ಇಳಿಸಿದರೆ ಸೇಬಿನ ಉಸಿರಾಟ ನಿಧಾನವಾಗುತ್ತದೆ. ಆಗಸ್ಟ್‌ನಲ್ಲಿ ಕಿತ್ತ ಹಣ್ಣು ಮುಂದಿನ ಏಪ್ರಿಲ್‌ವರೆಗೂ ಗಟ್ಟಿಯಾಗಿರುತ್ತದೆ. 2006ರ ಸುಮಾರಿಗೆ ಅದಾನಿ ಸಮೂಹ ಶಿಮ್ಲಾ ಜಿಲ್ಲೆಯಲ್ಲಿ ಇಂಥ ದೊಡ್ಡ ಗೋದಾಮುಗಳನ್ನು ಕಟ್ಟಿತು. ಕಂಪನಿಗಳು ಬಣ್ಣ, ಗಾತ್ರ ನೋಡಿ ಕಿಲೋ ಲೆಕ್ಕದಲ್ಲಿ ಕೊಳ್ಳತೊಡಗಿದಾಗ ತೂಕದ ಮೋಸ ತಪ್ಪಿತು, ನಿಜ. ಆದರೆ ಸುಗ್ಗಿಯ ಬೆಲೆ ರೈತನಿಗೆ, ಬೇಸಿಗೆಯ ಬೆಲೆ ಗೋದಾಮಿನವನಿಗೆ ಎಂಬ ಹಂಚಿಕೆ ಗಟ್ಟಿಯಾಯಿತು.

ತರಕಾರಿಯ ದಾರಿಯೇ ಬೇರೆ. ಮಳೆಗಾಲದಲ್ಲಿ ಬಯಲುಸೀಮೆಯ ಟೊಮೆಟೊ ಸೋತಾಗ ಸೋಲನ್ನಿನದು ದೆಹಲಿಗೆ ಹೋಗುತ್ತದೆ. ಠಿಯೋಗ್‌ನ ಬಟಾಣಿ, ಹೂಕೋಸುಗಳದೂ ಇದೇ ಉಪಾಯ, ಅಕಾಲದ ಬೆಳೆ, ಒಳ್ಳೆಯ ಬೆಲೆ. ಸೇಬಿಗೆ ವರ್ಷಗಟ್ಟಲೆ ಕಾಯಬೇಕು, ಇಲ್ಲಿ ಎರಡು-ಮೂರು ತಿಂಗಳಲ್ಲಿ ಕಾಸು ಕೈಗೆ ಬರುತ್ತದೆ. ರೋಹ್ತಾಂಗ್ ಕಣಿವೆದಾರಿಯ ಹಿಮದಿಂದ ವರ್ಷದ ಅರ್ಧ ಕಾಲ ಜಗತ್ತಿನಿಂದ ದೂರವಿದ್ದ ಲಾಹೌಲ್‌ಗೆ 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಅಲ್ಲಿಯ ಆಲೂಗಡ್ಡೆ, ಬಟಾಣಿಗೂ ದಾರಿ ಹತ್ತಿರವಾಯಿತು. ಒಂಬತ್ತು ಕಿಲೋಮೀಟರಿನ ಆ ಸುರಂಗ ಮಾಡಿದಷ್ಟನ್ನು ಯಾವ ಸಬ್ಸಿಡಿಯೂ ಮಾಡಿಲ್ಲವೆಂದು ನನ್ನ ಅನಿಸಿಕೆ.

ಈಗಿನ ಪ್ರಶ್ನೆ ಹವೆಯದು. ರಾಯಲ್ ಡೆಲಿಶಿಯಸ್ ಚೆನ್ನಾಗಿ ಹೂ ಬಿಡಲು ಚಳಿಗಾಲದಲ್ಲಿ 7 ಡಿಗ್ರಿಗಿಂತ ಕಡಿಮೆ ಉಷ್ಣತೆಯ ಸಾವಿರ ಗಂಟೆಯಾದರೂ ಬೇಕು. ತಗ್ಗಿನ ತೋಟಗಳಿಗೆ ಅಷ್ಟು ಚಳಿ ಸಿಗುತ್ತಿಲ್ಲ. ಕುಲ್ಲುವಿನ ಕೆಳಭಾಗದಲ್ಲಿ ದಾಳಿಂಬೆ ಬಂದಿದೆ, ಸೇಬು ಕಿನ್ನೌರ್, ಲಾಹೌಲ್ ಕಡೆಗೆ ಮೇಲೇರುತ್ತಿದೆ. ಇದರ ಜೊತೆಗೇ ಎಂ-9ನಂಥ ಕುಳ್ಳು ಬೇರುಗಿಡಗಳ ಮೇಲೆ ಕಸಿ ಕಟ್ಟಿದ ದಟ್ಟ ತೋಟಗಳ ಹುಮ್ಮಸ್ಸು. ಹಳೇ ಪದ್ಧತಿಯಲ್ಲಿ ಹೆಕ್ಟೇರಿಗೆ ಇನ್ನೂರೈವತ್ತು-ಮುನ್ನೂರು ಮರ, ಇಲ್ಲಿ ಎರಡು ಸಾವಿರ ದಾಟುತ್ತದೆ. ಮೂರನೇ ವರ್ಷಕ್ಕೇ ಫಸಲು. ಆದರೆ ಬೇರು ಆಳಕ್ಕಿಳಿಯದ ಗಿಡವಾದ್ದರಿಂದ ಕಂಬ-ತಂತಿಯ ಆಸರೆ, ಹನಿ ನೀರಾವರಿ, ಆಲಿಕಲ್ಲಿಗೆ ಬಲೆ ಎಲ್ಲವೂ ಬೇಕು. ಇಳಿಜಾರಿನ ಎರಡೆಕರೆ ರೈತನಿಗೆ ಅದು ಸಾಲದ ಬಾಬತ್ತು. 2023ರ ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಕೊಚ್ಚಿಹೋದಾಗ ತೋಟದಲ್ಲಿ ಹಣ್ಣಿದ್ದೂ ಸಾಗಿಸಲಾಗದೆ ಒದ್ದಾಡಿದ್ದು ಇಂಥವರೇ.

ಹೊರಗಿನವರು ಎಲ್ಲಿ ಹೂಡಬಹುದು? ಜಮೀನಿನಲ್ಲಂತೂ ಅಲ್ಲ. ಅಲ್ಲಿಯ 1972ರ ಗೇಣಿ ಮತ್ತು ಭೂಸುಧಾರಣಾ ಕಾಯ್ದೆಯ 118ನೇ ಕಲಂ ಪ್ರಕಾರ, ಆ ರಾಜ್ಯದ ಕೃಷಿಕರಲ್ಲದವರು ಸರ್ಕಾರದ ಅನುಮತಿ ಇಲ್ಲದೆ ಜಮೀನು ಕೊಳ್ಳುವಂತಿಲ್ಲ. ನನ್ನ ಮಟ್ಟಿಗೆ ಇದು ಒಳ್ಳೆಯ ಕಾನೂನು. ತೋಟಗಳು ಇಂದಿಗೂ ಊರವರ ಕೈಯಲ್ಲಿ ಉಳಿದಿದ್ದರೆ ಇದರದ್ದೂ ಪಾಲಿದೆ. ಉಳಿದದ್ದು ರೋಗವಿಲ್ಲದ ಸಸಿ ಬೆಳೆಸುವ ನರ್ಸರಿ, ಹಣ್ಣು ವಿಂಗಡಿಸುವ ಯಂತ್ರ, ಹತ್ತಾರು ರೈತರು ಕೂಡಿ ನಡೆಸಬಹುದಾದ ಸಣ್ಣ ಶೈತ್ಯಾಗಾರ. ಅವಕಾಶ ಇರುವುದು ಇಲ್ಲಿ, ಕೊರತೆ ಇರುವುದೂ ಇಲ್ಲೇ.

ಇನ್ನು ನಮ್ಮ ನಾಡಿನ ಮಾತು. ಹಿಮಾಚಲದ ಬಿಲಾಸ್‌ಪುರದ ರೈತ ಹರಿಮನ್ ಶರ್ಮಾ ಬೆಳೆಸಿದ, ಚಳಿ ಬೇಡದ ಎಚ್‌ಆರ್‌ಎಂಎನ್-99 ತಳಿ ಕರ್ನಾಟಕಕ್ಕೂ ಬಂದು ಹಣ್ಣು ಬಿಟ್ಟಿದೆ. ಮನೆ ಹಿತ್ತಲಿಗೆ ನಾಲ್ಕು ಗಿಡ ತಂದು ನೆಡಿ, ಸಂತೋಷ. ಅದನ್ನೇ ನಂಬಿ ಎಕರೆಗಟ್ಟಲೆ ಅಡಿಕೆ, ಕಾಫಿ ಕಿತ್ತು ಹಾಕುವ ಮುನ್ನ ನಿಮ್ಮ ಪೇಟೆಯ ಹಣ್ಣಿನ ವ್ಯಾಪಾರಿಯ ಬಳಿ ಆ ಹಣ್ಣಿಗೆ ಎಷ್ಟು ಕೊಡುತ್ತೀರೆಂದು ಕೇಳಿಕೊಂಡು ಬನ್ನಿ.